ಎರಡು ಬೆರಳ ದೂರ

ಕಾರ್ಡು ಬಂದದ್ದು ಮಂಗಳವಾರ, ನೈಟ್ ಡ್ಯೂಟಿ ಮುಗಿಸಿ
ಸ್ವರ್ಣಸಂದ್ರದ ಮನೆಯಲ್ಲಿ ನಾನು ಮಲಗಿದ್ದ ಹೊತ್ತು.
ಕೊರಿಯರ್ ಹುಡುಗನಿಗೆ ನಿದ್ದೆಗಣ್ಣಲ್ಲೇ ಸಹಿ ಹಾಕಿ
ಲಕೋಟೆ ಹರಿದೆ.
ಮೂಲೆಯಲ್ಲಿ ನಾಲ್ಕು ಬಾಗಿದ ಗೆರೆ,
ನಾಲೆಗೆ ಕಲ್ಲೆಸೆದಾಗ ಏಳುವ ಉಂಗುರಗಳಲ್ಲಿ
ಕಾಲುಭಾಗ ಕತ್ತರಿಸಿ ಅಂಟಿಸಿದ ಹಾಗೆ.
ಜೊತೆಗೊಂದು ಕಾಗದ, ಬ್ಯಾಂಕಿನ ಕನ್ನಡದಲ್ಲಿ:
ಇದು ಸಂಪರ್ಕರಹಿತ.

ಶಿವಮಾದು ಅದನ್ನು ಓದಿದ್ದೇ ತಡ
ಚಪಾತಿ ಸುತ್ತುವ ಬೆಳ್ಳಿ ಕಾಗದ ಕತ್ತರಿಸಿ
ಕಾರ್ಡಿಗೊಂದು ಅಂಗಿ ಮಾಡಿದ.
"ಬಸ್ಸಲ್ಲಿ ಹಿಂದೆ ನಿಂತವ್ನು ಮಿಷನ್ ತಾಗಿಸಿದ್ರೆ
ಬ್ಯಾಗಲ್ಲಿದ್ದಂಗೇ ದುಡ್ಡು ಹೋಯ್ತದೆ ಕಣೆ."
"ಬಸ್ಸಲ್ಲಿ ಹಿಂದೆ ನಿಂತವರು ತಾಗಿಸೋದನ್ನ
ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ.
ಅದಕ್ಕೆ ಯಾರೂ ಬೆಳ್ಳಿ ಕಾಗದ ತರಲಿಲ್ಲ" ಅಂದೆ.
ಅವನು ಕತ್ತರಿಯನ್ನು ಡ್ರಾಯರಿಗೆ ಹಾಕಿದ.

ನನ್ನ ಕೆಲಸವೇ ಮುಟ್ಟುವುದು.
ದೊಡ್ಡಾಸ್ಪತ್ರೆಯ ಹನ್ನೊಂದನೇ ನಂಬರ್ ಕೋಣೆಯಲ್ಲಿ
ದಿನಕ್ಕೆ ನೂರು ತೋಳು.
ಕಬ್ಬು ಕಡಿದ ತೋಳು, ಬಳೆ ಬಿಗಿದ ತೋಳು,
ನರವನ್ನೇ ಮರೆತು ಹುಟ್ಟಿದಂಥ ದುಂಡು ತೋಳು.
ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ,
ಒತ್ತಿದರೆ ತಗ್ಗಿ, ಬಿಟ್ಟರೆ ಏಳುತ್ತದೆ.
ಸೂಜಿಗೆ ಮೊದಲು ಯಾರೂ ಕೇಳಿಲ್ಲ
ನಾನು ಯಾವ ಬೀದಿಯವಳೆಂದು.
ನೋಯ್ತದಾ ಅಂದಿದ್ದಾರೆ, ಅಷ್ಟೇ.

ಅಜ್ಜಿಯನ್ನು ಕೇಳುತ್ತಿದ್ದರು.
ಕೆರಗೋಡಿನಾಚೆ ನಮ್ಮೂರಲ್ಲಿ, ಅಂಗಡಿ ಜಗಲಿಯ ಕೆಳಗೆ ನಿಂತು
ಸೀಮೆಎಣ್ಣೆಯ ಕಾಸು ಕಲ್ಲಿನ ಮೇಲಿಡಬೇಕು.
ಅವನು ನೀರು ಚಿಮುಕಿಸಿ ಎತ್ತಿಕೊಳ್ಳುವನು.
ಚಿಲ್ಲರೆ ಮೇಲಿಂದ ಬೀಳುತ್ತಿತ್ತು ಸೆರಗಿಗೆ,
ಒಂದು ಮಾರು ದೂರದಿಂದ.
ಸಂಪರ್ಕರಹಿತ ಅನ್ನುವ ದೊಡ್ಡ ಪದ ಅವಳಿಗೆ ಗೊತ್ತಿರಲಿಲ್ಲ.
ಅದಕ್ಕಿಂತ ಚಿಕ್ಕದು ಗೊತ್ತಿತ್ತು.
"ಎಸೆದ ಕಾಸೂ ಸಂತೇಲಿ ನಡೀತದೆ ಮಗಾ" ಅನ್ನುತ್ತ
ಎಣಿಸಿಕೊಳ್ಳುವಳು. ಐದು ಪೈಸೆ ಕಮ್ಮಿಯಿದ್ದರೆ
ಅಲ್ಲೇ ನಿಂತು, ಬೀದಿಗೆಲ್ಲ ಕೇಳುವ ಜಗಳ.

ಸುಳ್ಳೇಕೆ, ಕಾರ್ಡು ಸುಖ.
ನೂರಡಿ ರಸ್ತೆಯ ಮೆಡಿಕಲ್ಲಿನಲ್ಲಿ
ಒಂದು ಕೈಲಿ ಛತ್ರಿ, ಅದೇ ಕೈಲಿ ಕೋಳಿಯ ಕವರು,
ಇನ್ನೊಂದರ ತುದಿಯಿಂದ ಎರಡು ಬೆರಳ ದೂರ ತಂದರೆ
ಕೀಂ. ಅತ್ತೆಯ ಸಕ್ಕರೆ ಮಾತ್ರೆ ನನ್ನದಾಯಿತು.
ಚಿಲ್ಲರೆ ಇಲ್ಲವೆಂದು ಚಾಕೊಲೇಟು ಕೊಡುವುದಿಲ್ಲ,
ಐನೂರರ ನೋಟನ್ನು ಬೆಳಕಿಗೆ ಹಿಡಿದು
ಆಮೇಲೆ ನನ್ನ ಮುಖವನ್ನೂ ಅದೇ ಕಣ್ಣಲ್ಲಿ ನೋಡುವವರಿಲ್ಲ.
ಐದು ಸಾವಿರದವರೆಗೆ ನಾನು ನಾನೇ, ಪ್ರಶ್ನೆಯಿಲ್ಲ.
ಮೇಲೊಂದು ರೂಪಾಯಿ ಹೋದರೂ
ನಾಲ್ಕು ಅಂಕಿ ಒತ್ತಿ ಸಾಬೀತು ಮಾಡಬೇಕು.
ಮನುಷ್ಯರೂ ತಮ್ಮ ನಂಬಿಕೆ ಇಷ್ಟರವರೆಗೆ ಎಂದು
ಹಣೆಯ ಮೇಲೆ ಬರೆದುಕೊಂಡಿದ್ದರೆ
ಸಲೀಸಿತ್ತು.

ಕಂಪ್ಯೂಟರಿನ ಗುಣಶೇಖರ ಹೇಳಿದ, ಟೀ ಹೀರುತ್ತ:
"ಅದಕ್ಕೆ ಸ್ವಂತ ಕರೆಂಟಿಲ್ಲ ಮೇಡಂ,
ಮಿಷನ್ ಹತ್ರ ಬಂದ್ರೇನೇ ಜೀವ.
ಪ್ರತಿ ಸಲ ಹೊಸ ಗುಟ್ಟು ಹೇಳ್ತದೆ,
ಹೋದ ಸಲದ್ದು ಕದ್ದವನಿಗೆ ದಕ್ಕಲ್ಲ."
ಇಷ್ಟು ಜಾಣತನ ನಮ್ಮ ವಾರ್ಡಿನ ಗುಟ್ಟುಗಳಿಗಿಲ್ಲ.

ರಾತ್ರಿ ಕರೆಂಟು ಹೋದಾಗ
ಬೆಳ್ಳಿ ಅಂಗಿ ಬಿಚ್ಚಿ, ಕಾರ್ಡಿನ ಬೆನ್ನಿಗೆ
ಮೊಬೈಲಿನ ಟಾರ್ಚು ಹಿಡಿದೆ.
ಅಂಚಿನುದ್ದಕ್ಕೂ ಕೂದಲೆಳೆಯ ತಂತಿ, ನಾಲ್ಕೈದು ಸುತ್ತು,
ಚಿಪ್ಪಿನ ಬುಡಕ್ಕೆ ಹೋಗಿ ಸೇರಿತ್ತು.
"ಮಾದು, ಇಲ್ನೋಡು, ನರ!"
ಅಭ್ಯಾಸಬಲ, ಹೆಬ್ಬೆರಳಲ್ಲಿ ಒತ್ತಿ ನೋಡಿದೆ.
ಏಳಲಿಲ್ಲ.
"ಹುಚ್ಚು ಕಣೆ ನಿಂಗೆ" ಅಂತ
ಅವನು ಪಕ್ಕದಲ್ಲಿ ಕೂತು ತೋಳು ಚಾಚಿದ.
ಟಾರ್ಚು ಆರಿಸಿ ಹುಡುಕಿದೆ.
ಮೊದಲನೇ ಸಲಕ್ಕೇ ಸಿಕ್ಕಿತು.

ಬೆಳಿಗ್ಗೆ ಬ್ಯಾಂಕಿನ ಆ್ಯಪಿನಲ್ಲಿ
ಮಿತಿಯನ್ನು ಎರಡು ಸಾವಿರಕ್ಕಿಳಿಸಿದೆ.
ಬೆಳ್ಳಿ ಕಾಗದ ಮಗಳ ಬುತ್ತಿಗೆ ಹೋಯಿತು.